ಮನೆ ಹತ್ತಿರದ ನಡಿಗೆ: ಪಾರ್ಕೋ, ಕೆರೆ ಏರಿಯೋ, ಕಾಡುದಾರಿಯೋ, ಬೆಟ್ಟವೋ?

ಮನೆಯಲ್ಲಿ ನಾಲ್ಕು ವರ್ಷದ ಮಗ, ಹತ್ತು ವರ್ಷದ ಮಗಳು, ಮಂಡಿನೋವಿರುವ ಅಜ್ಜಿ. ರಜೆಯ ದಿನ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಒಂದಿಷ್ಟು ನಡೆದು, ಮಧ್ಯಾಹ್ನದ ಹೊತ್ತಿಗೆ ಮನೆ ಸೇರಬೇಕು. ನಕ್ಷೆ ತೆರೆದರೆ ಆಸುಪಾಸಿನಲ್ಲೇ ನಾಲ್ಕೈದು ಜಾಗ ಕಾಣುತ್ತವೆ. ಯಾವುದಕ್ಕೆ ಹೋಗುವುದು? ಹೆಚ್ಚಿನವರು ಫೋಟೊ ನೋಡಿ ಆರಿಸುತ್ತಾರೆ. ಫೋಟೊದಲ್ಲಿ ಸಿಗುವುದು ದಾರಿಯ ತುದಿಯ ನೋಟ ಮಾತ್ರ. ಮಗು ಎತ್ತಿಕೋ ಎಂದು ಹಟ ಹಿಡಿಯುವುದು, ಅಜ್ಜಿ ಕಲ್ಲಿನ ಮೇಲೆ ಕೂತುಬಿಡುವುದು ನಡುದಾರಿಯಲ್ಲಿ, ಯಾರೂ ಫೋಟೊ ತೆಗೆಯದ ಜಾಗದಲ್ಲಿ.

ಹಾಗಾಗಿ ಈ ಹೋಲಿಕೆಯಲ್ಲಿ ಒಂದು ಪ್ರಶ್ನೆಗೆ ಉಳಿದೆಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿದೆ: ಅರ್ಧಕ್ಕೆ ಬಿಟ್ಟು ವಾಪಸು ಬರುವುದು ಎಷ್ಟು ಸುಲಭ? ನೋಟ ಸಾಧಾರಣವಾಗಿದ್ದರೂ ಬೇಕೆಂದಾಗ ಹಿಂದಿರುಗಬಹುದಾದ ದಾರಿ ಕುಟುಂಬಕ್ಕೆ ಒಳ್ಳೆಯ ದಾರಿ.

ಮೊದಲು ಅಳತೆಗೋಲು

ಸಮಯದಿಂದ ಶುರು ಮಾಡೋಣ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. ಸಮತಟ್ಟಿನಲ್ಲಿ ಗಂಟೆಗೆ ಸುಮಾರು 5 ಕಿ.ಮೀ., ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ. ಇದು ಗಟ್ಟಿಮುಟ್ಟಾದ ದೊಡ್ಡವರಿಗೆ, ಅದೂ ಎಲ್ಲೂ ನಿಲ್ಲದೆ ನಡೆದರೆ. ಚಿಕ್ಕ ಮಕ್ಕಳಿದ್ದರೆ ಬಂದ ಉತ್ತರವನ್ನು ಎರಡರಿಂದ ಗುಣಿಸಿ, ನಿಲ್ಲುವುದಕ್ಕೆ ಗಂಟೆಗೆ 15 ನಿಮಿಷ ಸೇರಿಸಿ. ಉದಾಹರಣೆಗೆ 4 ಕಿ.ಮೀ. ದಾರಿ, ಒಟ್ಟು ಏರು 150 ಮೀಟರ್ ಅಂದುಕೊಳ್ಳಿ. ದೂರಕ್ಕೆ 48 ನಿಮಿಷ, ಏರಿಗೆ 15 ನಿಮಿಷ, ಒಟ್ಟು 63. ಎರಡು ಪಟ್ಟು ಮಾಡಿದರೆ 126. ನಿಲುಗಡೆಗೆ ಅರ್ಧ ಗಂಟೆ ಕೂಡಿದರೆ ಎರಡೂವರೆ ಗಂಟೆ ದಾಟುತ್ತದೆ. ಆ್ಯಪ್ ಇದೇ ದಾರಿಗೆ 'ಒಂದು ಗಂಟೆ' ಎಂದು ತೋರಿಸಿರುತ್ತದೆ. ಒಂದು ಗಂಟೆಗೆಂದು ಕಟ್ಟಿಕೊಂಡ ನೀರು, ತಿಂಡಿ ಎರಡೂವರೆ ಗಂಟೆಗೆ ಸಾಲುವುದಿಲ್ಲ. ಹೆಚ್ಚಿನ ಕುಟುಂಬಗಳ ಪ್ರಯಾಣ ಹದಗೆಡುವುದೇ ಇಲ್ಲಿ.

ದೂರದ ಮಿತಿಗೆ ಒಂದು ಒರಟು ಲೆಕ್ಕ: ಮಗುವಿನ ವಯಸ್ಸು ಎಷ್ಟೋ ಅಷ್ಟು ಕಿಲೋಮೀಟರ್ ಅದರ ಮೇಲ್ಮಿತಿ. ಅದೂ ಸಮತಟ್ಟಾದ ದಾರಿಯಲ್ಲಿ, ನಡೆದು ಅಭ್ಯಾಸವಿದ್ದರೆ. ಮೊದಲ ಸಲ ಅದರ ಅರ್ಧಕ್ಕೆ ನಿಲ್ಲಿಸಿ. ನಾಲ್ಕು ವರ್ಷದ ಮಗುವಿಗೆ 2 ಕಿ.ಮೀ. ಎಂದರೆ ಹೋಗಿ ಬರುವುದೆಲ್ಲ ಸೇರಿ 2 ಕಿ.ಮೀ.

ಎರಡನೆಯದು ಏರು. ಒಟ್ಟು ಏರು ಎಷ್ಟು ಎನ್ನುವುದರ ಜೊತೆಗೆ ಅದು ಎಲ್ಲಿ ಕೂಡಿಕೊಂಡಿದೆ ಎಂದೂ ನೋಡಬೇಕು. ಇದು ಕಾಂಟೂರ್ ಗೆರೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ ನಕ್ಷೆಯಲ್ಲಿ ಸಿಗುತ್ತದೆ. 1:25,000 ಅಳತೆಯ ನಕ್ಷೆಯಲ್ಲಿ 1 ಸೆಂ.ಮೀ. ಅಂದರೆ ನೆಲದ ಮೇಲೆ 250 ಮೀಟರ್. ಗೆರೆಗಳ ನಡುವಿನ ಎತ್ತರ 10 ಮೀಟರ್ ಇದ್ದು, ನಿಮ್ಮ ದಾರಿ ಒಂದು ಸೆಂಟಿಮೀಟರಿನೊಳಗೆ ಐದು ಗೆರೆ ದಾಟಿದರೆ 250 ಮೀಟರಿಗೆ 50 ಮೀಟರ್ ಏರು, ಅಂದರೆ ನೂರಕ್ಕೆ 20. ನೂರಕ್ಕೆ 5ರವರೆಗಿನ ಏರು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ಗಾಲಿಕುರ್ಚಿಯ ರ‍್ಯಾಂಪುಗಳಿಗೆ ಹಲವು ಕಡೆ ಒಪ್ಪುವ ಗರಿಷ್ಠ ಇಳಿಜಾರು 12ಕ್ಕೆ 1, ಅಂದರೆ ನೂರಕ್ಕೆ 8ರ ಆಸುಪಾಸು. ಅದಕ್ಕಿಂತ ಕಡಿದಾದರೆ ಮಗುವಿನ ತಳ್ಳುಗಾಡಿಯೂ ಭಾರವೆನಿಸುತ್ತದೆ. ನೂರಕ್ಕೆ 20 ಬಂದರೆ ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ಸಡಿಲ ಜಲ್ಲಿಯ ಮೇಲೆ ಜಾರುತ್ತದೆ.

ಮೂರನೆಯದು ದಾರಿಯ ಆಕಾರ. ಸುತ್ತುದಾರಿ ಎಲ್ಲರಿಗೂ ಇಷ್ಟ, ಆದರೆ ಅದರಲ್ಲೊಂದು ತೊಡಕಿದೆ. 4 ಕಿ.ಮೀ. ಸುತ್ತಿನಲ್ಲಿ 2 ಕಿ.ಮೀ. ಆದಮೇಲೆ ಮಗು ಸುಸ್ತಾದರೆ ಮುಂದೆ ಹೋದರೂ 2, ಹಿಂದೆ ಬಂದರೂ 2. ಹೋದ ದಾರಿಯಲ್ಲೇ ವಾಪಸು ಬರುವುದಾದರೆ ಬೇಕಾದಲ್ಲಿ ತಿರುಗಬಹುದು. ಸಿಕ್ಕರೆ ಎಂಟರ ಆಕಾರದ ದಾರಿ ಎಲ್ಲಕ್ಕಿಂತ ಒಳ್ಳೆಯದು. ಎರಡು ಸಣ್ಣ ಸುತ್ತುಗಳು, ನಡುವೆ ವಾಹನ ನಿಲ್ಲಿಸುವ ಜಾಗ. ಮೊದಲ ಸುತ್ತು ಮುಗಿಸಿ ಬಂದಾಗ ಸಾಕೆನ್ನಿಸಿದವರು ಅಲ್ಲೇ ಉಳಿಯಬಹುದು. ಒಂದು ತುದಿಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುವ ದಾರಿಗೆ ಎರಡೂ ಕಡೆ ವಾಹನ ಬೇಕು. ಕುಟುಂಬಕ್ಕೆ ಅದು ಕೊನೆಯ ಆಯ್ಕೆ.

ಉಳಿದ ಮೂರನ್ನು ಬೇಗ ಹೇಳಿಬಿಡಬಹುದು. ಶೌಚಾಲಯ ಎಲ್ಲಿದೆ, ನೆರಳು ಎಷ್ಟಿದೆ, ಹೋಗಿ ಬರಲು ಎಷ್ಟು ಹೊತ್ತು. ಕೊನೆಯದಕ್ಕೆ ಒಂದು ಗಡಿ ಹಾಕಿಕೊಳ್ಳಿ: ನಡೆಯುವ ಹೊತ್ತಿಗಿಂತ ಪ್ರಯಾಣದ ಹೊತ್ತು ಹೆಚ್ಚಾಗಬಾರದು.

ಪಾರ್ಕಿನ ನಡಿಗೆಪಥ

ಡಾಂಬರು, ಕಾಂಕ್ರೀಟು ಅಥವಾ ಇಂಟರ್‌ಲಾಕ್ ಕಲ್ಲು ಹಾಸಿದ ದಾರಿ. ಹಿಂದಿರುಗುವ ಪ್ರಶ್ನೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಎಲ್ಲೇ ನಿಂತರೂ ಗೇಟು ಹತ್ತಿರ, ಬೆಂಚು ಇರುತ್ತದೆ, ಶೌಚಾಲಯ ಹೆಚ್ಚಾಗಿ ಇರುತ್ತದೆ. ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ತಳ್ಳುಗಾಡಿ, ಗಾಲಿಕುರ್ಚಿ, ಊರುಗೋಲು ಇದ್ದವರಿಗೆ ಇದೇ ಸರಿ. ಒಂದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ವಾಹನ ನುಗ್ಗದಂತೆ ಕೆಲವು ಗೇಟುಗಳಲ್ಲಿ ತಿರುಗುಕಂಬಿ ಅಥವಾ ಸೊಟ್ಟ ಕಿಂಡಿ ಇಟ್ಟಿರುತ್ತಾರೆ. ತಳ್ಳುಗಾಡಿ ಅಲ್ಲಿ ತೂರುವುದಿಲ್ಲ, ಇನ್ನೊಂದು ಗೇಟು ಅರ್ಧ ಕಿಲೋಮೀಟರ್ ಆಚೆ ಇರಬಹುದು.

ಕೊರತೆ ಎಂದರೆ ಏಳೆಂಟು ವರ್ಷ ದಾಟಿದ ಮಕ್ಕಳಿಗೆ ಎರಡನೇ ಸುತ್ತಿಗೇ ಬೇಸರ ಬರುತ್ತದೆ. ಗಟ್ಟಿ ನೆಲದ ಮೇಲೆ ಹೆಚ್ಚು ಹೊತ್ತು ನಡೆದರೆ ಹಿಮ್ಮಡಿ ನೋವಿರುವವರಿಗೆ ಮಣ್ಣಿನ ದಾರಿಯೇ ಹಿತವೆನಿಸುತ್ತದೆ. ಪಥದ ಪಕ್ಕದಲ್ಲಿ ಮಣ್ಣಿನ ಅಂಚಿದ್ದರೆ ಅದರ ಮೇಲೆ ನಡೆಯಲಿ.

ಕೆರೆ ಏರಿ, ಕೆರೆದಂಡೆ

ಮಕ್ಕಳಿಗೆ ನೀರು, ಹಕ್ಕಿ, ಕಲ್ಲು ಇಷ್ಟಿದ್ದರೆ ಸಾಕು, ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ದಾರಿ ಸಮತಟ್ಟು, ಮಗು ಕಣ್ಣಳತೆಯಲ್ಲೇ ಇರುತ್ತದೆ, ದಾರಿ ತಪ್ಪುವ ಭಯವಿಲ್ಲ. ಪಾರ್ಕಿಗಿಂತ ಚೆನ್ನ, ಕಾಡಿಗಿಂತ ಸುಲಭ. ಮೊದಲ ಸಲ ಹೊರಡುವ ಕುಟುಂಬಕ್ಕೆ ನಮ್ಮ ಮೊದಲ ಸಲಹೆ ಇದೇ.

ಆದರೆ ದೂರದ ಅಂದಾಜು ಇಲ್ಲಿ ಸುಲಭವಾಗಿ ತಪ್ಪುತ್ತದೆ. ಆಚೆ ದಡ 600 ಮೀಟರ್ ದೂರ ಕಂಡರೆ, ಕೆರೆ ಪೂರ್ತಿ ದುಂಡಗಿದ್ದರೂ ಸುತ್ತಳತೆ 1.9 ಕಿ.ಮೀ. ದಂಡೆ ಒಳಹೊರಗೆ ಬಳುಕಿದ್ದರೆ ಎರಡೂವರೆ ಕಿ.ಮೀ. ದಾಟಿದರೂ ಆಶ್ಚರ್ಯವಿಲ್ಲ. ನಕ್ಷೆಯ ಅಳತೆಪಟ್ಟಿಯಲ್ಲಿ ದಂಡೆಯ ಗುಂಟ ಚುಕ್ಕೆ ಇಡುತ್ತ ಅಳೆಯಿರಿ. ಸುತ್ತು ನಿಜಕ್ಕೂ ಕೂಡುತ್ತದೆಯೇ ಎಂದೂ ನೋಡಿ. ಎಷ್ಟೋ ಕೆರೆಗಳಲ್ಲಿ ಏರಿ ಇರುವುದು ಒಂದೇ ಬದಿಗೆ. ನೀರು ಒಳಬರುವ ಬದಿಯಲ್ಲಿ ಕೆಸರು, ಜೊಂಡು. ಮಳೆಯಾದ ಮೇಲೆ ಅಲ್ಲಿ ಹಳ್ಳವೇ ಹರಿಯುತ್ತಿರುತ್ತದೆ. ಮುಕ್ಕಾಲು ಸುತ್ತಿ ಅಲ್ಲಿಗೆ ಬಂದು ನಿಂತರೆ ಬಂದಷ್ಟೇ ದೂರ ವಾಪಸು ನಡೆಯಬೇಕು.

ನೆರಳು ಕಡಿಮೆ, ಬಿಸಿಲು ನೀರಿನಿಂದಲೂ ಪ್ರತಿಫಲಿಸುತ್ತದೆ. ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ಹೊರಡುವುದು ಒಳ್ಳೆಯದು. ನೀರಿಗಿಳಿಯುವ ಮೆಟ್ಟಿಲಿನಲ್ಲಿ ಕೊನೆಯ ಒಣ ಮೆಟ್ಟಿಲಿಗೇ ಮಗುವನ್ನು ನಿಲ್ಲಿಸಿ. ಅದರ ಕೆಳಗಿನ ಹಸಿರು ಬಣ್ಣ ಪಾಚಿಯದು. ಕಾಲಿಟ್ಟರೆ ಹಿಡಿತವೇ ಸಿಗುವುದಿಲ್ಲ. ಬೇಲಿ ಇಲ್ಲದ ಕಡೆ ದೊಡ್ಡವರು ನೀರಿನ ಬದಿಗೆ, ಮಕ್ಕಳು ಒಳಬದಿಗೆ.

ನಾಲೆಯ ಬದಿ, ಹಳೆಯ ರೈಲುದಾರಿ

ಎರಡೂ ಸಮತಟ್ಟು, ಎರಡೂ ಉದ್ದ. ಆದರೆ ಅಪಾಯದಲ್ಲಿ ಒಂದಕ್ಕೊಂದು ಹೋಲಿಕೆಯಿಲ್ಲ.

ರೈಲು ನಿಂತುಹೋಗಿ ನಡಿಗೆಗೆಂದೇ ಸಿದ್ಧಪಡಿಸಿದ ದಾರಿ ಹತ್ತಿರದಲ್ಲಿದ್ದರೆ ಅದೃಷ್ಟ. ಉಗಿಬಂಡಿಗಳು ಕಡಿದಾದ ಏರು ಹತ್ತಲಾರವು, ಹಾಗಾಗಿ ಇಂಥ ದಾರಿಗಳಲ್ಲಿ ಏರು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಮೀಟರ್ ಅಷ್ಟೆ. ಮಗುವಿನ ಸೈಕಲ್, ತಳ್ಳುಗಾಡಿ, ಅಜ್ಜಿಯ ಊರುಗೋಲು ಎಲ್ಲಕ್ಕೂ ಒಗ್ಗುತ್ತದೆ. ಹಳಿಯ ಕೆಳಗಿನ ದಪ್ಪ ಜಲ್ಲಿ ತೆಗೆದು ಮೇಲೆ ಸಣ್ಣ ಜಲ್ಲಿಪುಡಿ ಅಥವಾ ಡಾಂಬರು ಹಾಕಿದ್ದಾರೆಯೇ ಎಂದು ನೋಡಿ. ಹಾಕಿರದಿದ್ದರೆ ಪಾದ ಹೊರಳುತ್ತದೆ. ಸುರಂಗವಿದ್ದರೆ ಟಾರ್ಚ್ ಬೇಕು. ಇನ್ನೂ ರೈಲು ಓಡುವ ಹಳಿಯ ಮೇಲೆ ನಡೆಯುವ ಯೋಚನೆಯೇ ಬೇಡ, ದಿನಕ್ಕೊಂದೇ ರೈಲು ಎಂದು ಯಾರಾದರೂ ಹೇಳಿದರೂ ಬೇಡ.

ನಾಲೆಯ ವಿಷಯಕ್ಕೆ ಬಂದರೆ, ಕಾಂಕ್ರೀಟು ಬಳಿದ ನಾಲೆಯ ಬದಿಯನ್ನು ಚಿಕ್ಕ ಮಕ್ಕಳಿರುವವರು ಪಟ್ಟಿಯಿಂದ ತೆಗೆದುಬಿಡುವುದೇ ವಾಸಿ. ಕೆರೆಯಲ್ಲಿ ಜಾರಿದರೆ ಹಿಡಿದುಕೊಳ್ಳಲು ಮಣ್ಣು, ಹುಲ್ಲು, ಬೇರು ಏನಾದರೂ ಇರುತ್ತದೆ. ನಾಲೆಯ ಬದಿ ಇಳಿಜಾರಾದ ನುಣುಪು ಗೋಡೆ, ನೀರಿನ ಮಟ್ಟದಲ್ಲಿ ಪಾಚಿ. ಈಜು ಬಲ್ಲ ದೊಡ್ಡವರಿಗೂ ಅಲ್ಲಿ ಮೇಲೆ ಬರುವುದು ಕಷ್ಟ. ಮೇಲಿನಿಂದ ನೀರು ಬಿಟ್ಟಾಗ ಮಟ್ಟ ಏರುವುದೂ ಗೊತ್ತಾಗುವುದಿಲ್ಲ. ಪಥಕ್ಕೂ ನೀರಿಗೂ ನಡುವೆ ಬೇಲಿ ಇದ್ದರೆ ಮಾತ್ರ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ನೇರ ದಾರಿಗಳ ಒಂದು ಮೋಸ: ಹೋಗುವಾಗ ಸಲೀಸು, ವಾಪಸು ಬರುವ ಲೆಕ್ಕ ಮರೆತುಹೋಗುತ್ತದೆ. ಇಟ್ಟುಕೊಂಡ ಸಮಯದ ಮೂರನೇ ಒಂದು ಭಾಗ ಮುಗಿದಾಗ ಎಲ್ಲಿದ್ದೀರೋ ಅಲ್ಲೇ ತಿರುಗಿ. ಮಕ್ಕಳ ಕಾಲು ಬರುವಾಗ ನಿಧಾನ.

ಕಾಡುದಾರಿ

ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬಿದ್ದ ಮರ ದಾಟಬೇಕು, ಬೇರು ತಪ್ಪಿಸಬೇಕು, ಹುತ್ತ ನೋಡಬೇಕು. ಪಾರ್ಕಿನಲ್ಲಿ ಒಂದು ಕಿಲೋಮೀಟರಿಗೆ ಗೊಣಗುವ ಮಗು ಇಲ್ಲಿ ಮೂರು ನಡೆಯುತ್ತದೆ. ನೆರಳಂತೂ ಧಾರಾಳ. ಆದರೆ ತಳ್ಳುಗಾಡಿ ಮನೆಯಲ್ಲೇ ಉಳಿಯಬೇಕು, ಮಂಡಿನೋವಿನವರಿಗೆ ಬೇರು-ಕಲ್ಲುಗಳ ನಡುವೆ ಸಮತೋಲನ ಕಷ್ಟ.

ಸಂರಕ್ಷಿತ ಕಾಡಾದರೆ ಒಳಹೋಗಲು ಅನುಮತಿ, ಶುಲ್ಕ, ಹೊತ್ತಿನ ನಿರ್ಬಂಧ ಇರಬಹುದು. ದೊಡ್ಡ ಪ್ರಾಣಿಗಳಿರುವ ಕಡೆ ಮಾರ್ಗದರ್ಶಿ ಕಡ್ಡಾಯವಿರಬಹುದು. ಹೊರಡುವ ಮುನ್ನ ಕೇಳಿ ತಿಳಿದುಕೊಳ್ಳಿ. ಮಳೆಗಾಲದಲ್ಲಿ ಜಿಗಣೆ, ಹುಲ್ಲಿನ ಕಡೆ ಉಣ್ಣೆಹುಳ. ಉದ್ದ ಪ್ಯಾಂಟು ಹಾಕಿ ತುದಿಯನ್ನು ಕಾಲುಚೀಲದೊಳಗೆ ತುರುಕಿ. ಮನೆಗೆ ಬಂದಮೇಲೆ ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಕೂದಲ ಬುಡ ನೋಡಿ. ಉಣ್ಣೆ ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಚಿಮುಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ.

ದಾರಿ ತಪ್ಪುವುದು ಕವಲುಗಳಲ್ಲಿ, ಅದೂ ವಾಪಸು ಬರುವಾಗ. ಹೋಗುವಾಗ ಕಂಡ ದಾರಿ ಬರುವಾಗ ಬೇರೆಯಂತೆ ಕಾಣುತ್ತದೆ. ಪ್ರತಿ ಕವಲಿನಲ್ಲೂ ನಾಲ್ಕು ಹೆಜ್ಜೆ ಮುಂದೆ ಹೋಗಿ, ಹಿಂದಿರುಗಿ, ಬಂದ ದಾರಿಯ ಫೋಟೊ ತೆಗೆಯಿರಿ. ಬರುವಾಗ ನಿಮಗೆ ಬೇಕಾದ್ದು ಅದೇ ನೋಟ. ಪ್ರತಿ ಮಗುವಿನ ಕೊರಳಿಗೂ ಒಂದು ಸೀಟಿ ಹಾಕಿ. ಯಾರೂ ಕಾಣದಿದ್ದರೆ ನಿಂತ ಮರದ ಹತ್ತಿರವೇ ನಿಲ್ಲಬೇಕು, ಮೂರು ಸಲ ಊದಬೇಕು, ಉತ್ತರ ಬರುವವರೆಗೆ ಊದುತ್ತಲೇ ಇರಬೇಕು ಎಂದು ಹೇಳಿಕೊಡಿ. ಹುಡುಕಿಕೊಂಡು ಓಡುವ ಮಗು ಹುಡುಕುವವರಿಂದ ದೂರ ಹೋಗುತ್ತದೆ. ಮರಗಳಡಿ ಕತ್ತಲು ಬೇಗ ಕವಿಯುವುದರಿಂದ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಹೊರಬನ್ನಿ.

ಬೆಟ್ಟ

ಎಲ್ಲರೂ ಮೊದಲು ಆರಿಸುವುದು ಇದನ್ನೇ, ಮೊದಲ ಸಲಕ್ಕೆ ಎಲ್ಲಕ್ಕಿಂತ ಕಡಿಮೆ ಹೊಂದುವುದೂ ಇದೇ. ಹತ್ತು ವರ್ಷ ದಾಟಿದ ಮಕ್ಕಳಿಗೆ ತುದಿ ಮುಟ್ಟಿದ ಸಂತೋಷಕ್ಕೆ ಸಮನಾದದ್ದು ಇಲ್ಲ, ನಿಜ. ಆದರೆ ಬೆಟ್ಟದಲ್ಲಿ ಅರ್ಧಕ್ಕೆ ತಿರುಗುವುದಕ್ಕೆ ಯಾರ ಮನಸ್ಸೂ ಒಪ್ಪುವುದಿಲ್ಲ, ಇಳಿಯುವುದೂ ಹತ್ತಿದಷ್ಟೇ ಕೆಲಸ.

ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ದೇಹದ ಭಾರ ತಡೆಯಬೇಕು. ಮರುದಿನ, ಅದರ ಮರುದಿನ ಕಾಲು ನೋಯುವುದು ಅದಕ್ಕೇ. ಮಂಡಿನೋವಿರುವವರು 'ಹತ್ತಲು ತೊಂದರೆಯಿಲ್ಲ' ಎಂದರೆ ನಂಬಿ, ಆದರೆ ಇಳಿಯುವುದನ್ನೂ ಕೇಳಿ. ಮೆಟ್ಟಿಲಿರುವ ಬೆಟ್ಟ ಸುಲಭ ಎನ್ನುವುದು ಅರ್ಧ ಸತ್ಯ. 16 ಸೆಂ.ಮೀ. ಎತ್ತರದ ಮೆಟ್ಟಿಲಾದರೆ 100 ಮೀಟರ್ ಏರಲು 625 ಮೆಟ್ಟಿಲು ಬೇಕು. ಹಳೆಯ ಕಲ್ಲಿನ ಮೆಟ್ಟಿಲುಗಳು 25 ಸೆಂ.ಮೀ. ಇರುವುದೂ ಉಂಟು. ನಾಲ್ಕು ವರ್ಷದ ಮಗುವಿಗೆ ಅದು ಮಂಡಿಯ ಹತ್ತಿರ ಬರುತ್ತದೆ. ಅದು ಮೆಟ್ಟಿಲು ಹತ್ತುವುದಲ್ಲ, ಕೈಯೂರಿ ಮೇಲೇರುವುದು.

ಹವೆಯನ್ನೂ ನೋಡಿ. ಎತ್ತರ 1,000 ಮೀಟರ್ ಹೆಚ್ಚಾದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ, ಬೆವೆತ ಮೈಗೆ ಗಾಳಿ ಬಡಿದರೆ ಇನ್ನೂ ಚಳಿ. ಮಿಂಚು ಕಂಡು ಗುಡುಗು ಕೇಳುವುದರೊಳಗೆ 30 ಎಣಿಸಲಾಗದಿದ್ದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ. ತಕ್ಷಣ ಇಳಿದು ಕಟ್ಟಡ ಅಥವಾ ಮುಚ್ಚಿದ ವಾಹನ ಸೇರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ. ಒಂಟಿ ಮರದಡಿ ನಿಲ್ಲುವುದು ಬೇಡವೇ ಬೇಡ.

ಬೆಟ್ಟವೇ ಬೇಕೆಂದರೆ 150 ಮೀಟರಿನೊಳಗಿನ ಏರಿರುವುದನ್ನು, ನಡುವೆ ಕೂರುವ ಸಮತಟ್ಟು ಜಾಗ ಇರುವುದನ್ನು ಆರಿಸಿ. ಮನೆಯಲ್ಲೇ ಹೇಳಿಬಿಡಿ: ಗುರಿ ಆ ಸಮತಟ್ಟು ಜಾಗ, ಶಕ್ತಿ ಉಳಿದರೆ ತುದಿ.

ತಳ್ಳುಗಾಡಿಯೋ, ಬೆನ್ನುಚೀಲವೋ?

ನಡೆಯಲಾರದ ಮಗುವಿರುವ ಮನೆಯಲ್ಲಿ ದಾರಿ ತೀರ್ಮಾನವಾಗುವುದು ಇದರ ಮೇಲೆ. ಇರುವ ತಳ್ಳುಗಾಡಿಯ ಚಕ್ರ ಸಣ್ಣದಾದರೆ ಪಾರ್ಕು, ಗಟ್ಟಿಯಾದ ಕೆರೆ ಏರಿಗಷ್ಟೇ ಸರಿ. ಜಲ್ಲಿಯಲ್ಲಿ ಮುಂದಿನ ಚಕ್ರ ಅಡ್ಡ ತಿರುಗಿ ನಿಂತುಬಿಡುತ್ತದೆ. ಮುಂದಿನ ಚಕ್ರವನ್ನು ನೇರಕ್ಕೆ ಬಿಗಿಯಬಹುದಾದ, ಗಾಳಿ ತುಂಬುವ ದೊಡ್ಡ ಚಕ್ರದ ಗಾಡಿ ಮಣ್ಣುದಾರಿಯಲ್ಲೂ ಹೋಗುತ್ತದೆ, ಬೆಲೆ ಹೆಚ್ಚು. ಕಾಡು, ಬೆಟ್ಟಕ್ಕೆ ಮಗುವನ್ನು ಹೊರುವ ಬೆನ್ನುಚೀಲವೇ ಬೇಕು. ಅದೂ ಮಗು ಆಸರೆಯಿಲ್ಲದೆ ಕೂರಲು, ಕತ್ತು ನಿಲ್ಲಿಸಲು ಕಲಿತ ಮೇಲೆ. ಚೀಲದ ಮೇಲೆ ಬರೆದಿರುವ ತೂಕದ ಮಿತಿ ಮೀರಬೇಡಿ. ಕೊಳ್ಳುವ ಮೊದಲು ಒಂದೆರಡು ಸಲ ಎರವಲು ತಂದು ನೋಡುವುದು ಒಳ್ಳೆಯದು, ಕೆಲವು ಮಕ್ಕಳು ಅದರಲ್ಲಿ ಕೂರುವುದೇ ಇಲ್ಲ. ಹೊತ್ತವರು ತಗ್ಗು ಕೊಂಬೆಯ ಕೆಳಗೆ ಸೊಂಟ ಬಗ್ಗಿಸಿದರೆ ಮಗು ಮುಂದಕ್ಕೆ ವಾಲಿ ಕೊಂಬೆ ಅದರ ತಲೆಗೇ ಬಡಿಯುತ್ತದೆ. ಮಂಡಿ ಬಗ್ಗಿಸಿ ದಾಟಬೇಕು. ನೀವು ಬೆವರುತ್ತಿದ್ದರೂ ಅಲುಗಾಡದೆ ಕೂತ ಮಗುವಿಗೆ ಚಳಿಯಾಗುತ್ತಿರಬಹುದು. ಅರ್ಧ ಗಂಟೆಗೊಮ್ಮೆ ಇಳಿಸಿ, ಅಂಗಾಲು ಮುಟ್ಟಿ ನೋಡಿ, ಕಾಲಾಡಿಸಲು ಬಿಡಿ.

ನಕ್ಷೆಯಲ್ಲಿ ಹುಡುಕಿ, ನೆಲದ ಮೇಲೆ ಖಚಿತ ಮಾಡಿಕೊಳ್ಳಿ

ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ವಾಹನ ನಕ್ಷೆಗಳಲ್ಲಿ ಕಾಣದ ಕಾಲುದಾರಿಗಳೂ ತುಂಡುಗೆರೆಗಳಾಗಿ ಸಿಗುತ್ತವೆ. ಆಲ್‌ಟ್ರೇಲ್ಸ್, ಕೊಮೂಟ್, ವಿಕಿಲಾಕ್ ಆ್ಯಪ್‌ಗಳಲ್ಲಿ ಬೇರೆಯವರು ನಡೆದ ದಾರಿಗಳು ಸಿಗುತ್ತವೆ. 'ಸುಲಭ' ಎಂಬ ಹಣೆಪಟ್ಟಿಯನ್ನು ಮಾತ್ರ ನಂಬಬೇಡಿ, ಅದನ್ನು ಕೊಟ್ಟವರು ಒಂಟಿಯಾಗಿ ನಡೆದವರಿರಬಹುದು. ಸ್ವಿಸ್ ಆಲ್ಪೈನ್ ಕ್ಲಬ್‌ನ ಟಿ1ರಿಂದ ಟಿ6ರವರೆಗಿನ ಕಷ್ಟದ ದರ್ಜೆ (ಟಿ1 ಎಲ್ಲಕ್ಕಿಂತ ಸುಲಭ) ಕೊಟ್ಟಿದ್ದರೆ ಚಿಕ್ಕ ಮಕ್ಕಳಿಗೆ ಟಿ1 ಸಾಕು. ಟಿ2ನಲ್ಲಿ ಅಲ್ಲಲ್ಲಿ ಕಡಿದಾದ ಜಾಗ, ಬೀಳುವ ಅಪಾಯ ಇರಬಹುದು. ಅದು ಹೇಳಿದ ಮಾತು ಕೇಳುವ ವಯಸ್ಸಿನ ಮಕ್ಕಳಿಗೆ. ಅನಿಸಿಕೆಗಳನ್ನು ಓದುವಾಗ ಕಳೆದ ವರ್ಷದ ಇದೇ ತಿಂಗಳಿನವನ್ನು ಹುಡುಕಿ. ಬೇಸಿಗೆಯಲ್ಲಿ ಬರೆದ ಹೊಗಳಿಕೆ ಮಳೆಗಾಲಕ್ಕೆ ಬರುವುದಿಲ್ಲ.

ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಆದರೆ ನಕ್ಷೆ ಇಲ್ಲದಿದ್ದರೆ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕೆ ಮಾತ್ರ. ಸಾಧ್ಯವಾದರೆ ದೊಡ್ಡವರೊಬ್ಬರು ಹಿಂದಿನ ವಾರ ಹೋಗಿ ಮೊದಲ ಒಂದು ಕಿಲೋಮೀಟರ್ ನಡೆದು ನೋಡಲಿ. ಗೇಟು, ಶೌಚಾಲಯ, ನೆಲ ಹೇಗಿದೆ ಎಂಬುದೆಲ್ಲ ಅಷ್ಟರಲ್ಲೇ ತಿಳಿಯುತ್ತದೆ.

ನಿಮ್ಮ ಮನೆಗೆ ಯಾವುದು?

ತಳ್ಳುಗಾಡಿ ಅಥವಾ ಗಾಲಿಕುರ್ಚಿ ಇದ್ದರೆ ಪಾರ್ಕು, ಹಳೆಯ ರೈಲುದಾರಿ. ಮೂರರಿಂದ ಆರು ವರ್ಷದ ಮಗುವಾದರೆ ಎರಡೂವರೆ ಕಿ.ಮೀ. ಒಳಗಿನ ಕೆರೆ ಸುತ್ತು, ಇಲ್ಲವೇ ಕಾಡಿನಲ್ಲಿ ಒಂದು ಕಿ.ಮೀ. ಹೋಗಿ ವಾಪಸು. ಏಳರ ಮೇಲಿನ ಮಕ್ಕಳಷ್ಟೇ ಇದ್ದರೆ ಕಾಡು, ಆಮೇಲೆ ಬೆಟ್ಟ. ಖರ್ಚು ಬೇಡವೆಂದರೆ ಮನೆಯಿಂದಲೇ ನಡೆದು ಅಥವಾ ಬಸ್ಸಿನಲ್ಲಿ ಹೋಗಬಹುದಾದದ್ದನ್ನು ಆರಿಸಿ, ವಾಪಸಿನ ಕೊನೆಯ ಬಸ್ಸಿಗಿಂತ ಒಂದು ಬಸ್ಸು ಮೊದಲಿನದನ್ನು ಲೆಕ್ಕಕ್ಕೆ ಹಿಡಿಯಿರಿ. ಇರುವ ಹಣವನ್ನು ಮೊದಲು ಶೂಗೆ ಹಾಕಿ. ಕಾಲಿನ ಹೆಬ್ಬೆರಳ ಮುಂದೆ ಕೈಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರಿಗೆ ಪೆಟ್ಟು. ಹೊಸ ಶೂ ಹಾಕಿ ನೇರ ದಾರಿಗಿಳಿದರೆ ಕಾಲಲ್ಲಿ ಬೊಬ್ಬೆ ಖಂಡಿತ, ವಾರ ಮೊದಲೇ ಮನೆಯ ಸುತ್ತ ಹಾಕಿ ನಡೆಯಲಿ.

ಮೊದಲು ಹೇಳಿದಂತೆ ನಾಲ್ಕರ ಮಗ, ಹತ್ತರ ಮಗಳು, ಅಜ್ಜಿ ಮೂವರೂ ಇದ್ದರೆ ಒಂದೇ ದಾರಿ ಎಲ್ಲರಿಗೂ ಒಪ್ಪುವುದಿಲ್ಲ. ಬೆಂಚು, ನೆರಳು, ಶೌಚಾಲಯ ಒಟ್ಟಿಗಿರುವ ಕೆರೆಯನ್ನು ಆರಿಸಿ. ಎಲ್ಲರೂ ಏರಿಯ ಮೇಲೆ ಅರ್ಧ ಕಿ.ಮೀ. ಒಟ್ಟಿಗೆ ನಡೆದು ಬೆಂಚಿಗೆ ಬನ್ನಿ. ಅಜ್ಜಿ, ಚಿಕ್ಕವನು, ದೊಡ್ಡವರೊಬ್ಬರು ಅಲ್ಲಿ ಉಳಿಯಲಿ. ಮಗಳು ಇನ್ನೊಬ್ಬರ ಜೊತೆ ಪೂರ್ತಿ ಸುತ್ತು ಹಾಕಿ ಬರಲಿ. ಮತ್ತೆ ಎಷ್ಟು ಗಂಟೆಗೆ ಸೇರುವುದು ಎಂದು ಬೇರೆಯಾಗುವ ಮೊದಲೇ ಹೇಳಿಕೊಳ್ಳಿ.

ಮುಂದಿನ ಸಲಕ್ಕೂ ಅದೇ ದಾರಿಗೆ ಹೋಗಿ. ಈಗ ನಿಮ್ಮ ಕೈಯಲ್ಲಿ ನಿಮ್ಮದೇ ಮನೆಯವರ ನಿಜವಾದ ವೇಗದ ಲೆಕ್ಕವಿದೆ. ಮನೆಗೆ ಬಂದಮೇಲೂ ಮಕ್ಕಳು ಕುಣಿಯುತ್ತಿದ್ದರೆ ಮೂರನೇ ಸಲ ಒಂದು ಕಿಲೋಮೀಟರ್ ದೂರ ಹೆಚ್ಚಿಸಿ ಅಥವಾ ಐವತ್ತು ಮೀಟರ್ ಏರು ಹೆಚ್ಚಿಸಿ. ಎರಡನ್ನೂ ಒಂದೇ ಸಲ ಹೆಚ್ಚಿಸಬೇಡಿ.